ದೋಷಸಂದೇಶವೂ ಒಂದು ವ್ಯವಹಾರಪತ್ರವೇ

ವ್ಯಾಪಾರಸಂಸ್ಥೆಯೊಂದು ತನ್ನ ಲೆಕ್ಕಪತ್ರದ ತಂತ್ರಾಂಶವನ್ನು ಹೊಸ ಆವೃತ್ತಿಗೆ ಬದಲಿಸಿಕೊಳ್ಳುವಾಗ ಸಾಮಾನ್ಯವಾಗಿ ಏನನ್ನು ಪರೀಕ್ಷಿಸುತ್ತದೆ? ಬಿಲ್ಲು ಸರಿಯಾಗಿ ಮುದ್ರಣವಾಗುವುದೇ, ದಾಸ್ತಾನು ತಾಳೆಯಾಗುವುದೇ, ತೆರಿಗೆಯ ಲೆಕ್ಕ ಸರಿಬರುವುದೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತರೆ ಮಾಲೀಕರು ಸಮಾಧಾನಗೊಂಡು ಉಳಿದ ಹಣವನ್ನು ಪಾವತಿಸುತ್ತಾರೆ. ಇವು ಮೂರೂ ಕೆಲಸ ಸುಗಮವಾಗಿ ನಡೆದಾಗ ಕಾಣಸಿಗುವ ಸಂಗತಿಗಳು. ಕೆಲಸ ಕೆಟ್ಟು ನಿಂತಾಗ ಅದೇ ತಂತ್ರಾಂಶವು ಗಲ್ಲೆಯಲ್ಲಿ ಕುಳಿತ ಗುಮಾಸ್ತನಿಗೆ ಏನು ಹೇಳುತ್ತದೆ, ಹೇಳಿದ್ದು ಓದಲು ಬರುತ್ತದೆಯೇ ಎಂಬುದನ್ನು ಪರೀಕ್ಷಿಸುವವರು ವಿರಳ. ಈ ವಿರಳತೆಯಿಂದಾಗುವ ನಷ್ಟ ಸಣ್ಣದಲ್ಲ ಎಂಬುದು ಈ ಲೇಖನದ ವಾದ.

ತಂತ್ರಾಂಶದಲ್ಲಿ ದೋಷ ಉಂಟಾದಾಗ ಅದನ್ನು ಹೊತ್ತು ತರುವ ಭಾಗಕ್ಕೆ ತಂತ್ರಜ್ಞರು ಎಕ್ಸೆಪ್ಷನ್ ಎನ್ನುತ್ತಾರೆ. 'ಸಾಲದ ಮಿತಿ ಮೀರಿದೆ', 'ದಾಸ್ತಾನು ಸಾಲದು', 'ಈ ಸಂಖ್ಯೆಯ ಬಿಲ್ಲು ಈಗಾಗಲೇ ಇದೆ' ಎಂಬಂತಹ ಒಂದೊಂದು ಬಗೆಯ ದೋಷಕ್ಕೂ ಒಂದೊಂದು ಅಚ್ಚನ್ನು ಮೊದಲೇ ಸಿದ್ಧಪಡಿಸಿಟ್ಟಿರುತ್ತಾರೆ. ಈ ಅಚ್ಚಿಗೆ ಕ್ಲಾಸ್ ಎಂದು ಹೆಸರು. ಹಳೆಯ ಆವೃತ್ತಿಯಿಂದ ಹೊಸದಕ್ಕೆ ತಂತ್ರಾಂಶವನ್ನು ಸಾಗಿಸುವಾಗ ಎಲ್ಲಕ್ಕಿಂತ ಸುಲಭವಾಗಿ ಕೆಡುವುದೂ, ಎಲ್ಲಕ್ಕಿಂತ ತಡವಾಗಿ ಗೊತ್ತಾಗುವುದೂ ಈ ಅಚ್ಚುಗಳೇ.

ನಮ್ಮ ಭಾಗಕ್ಕೆ ಇದು ಏಕೆ ಮುಖ್ಯ

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರೂಪುಗೊಂಡ ಚಿಕ್ಕಬಳ್ಳಾಪುರ ಜಿಲ್ಲೆಯ ವ್ಯವಹಾರ ಒಂದೇ ಭಾಷೆಯದಲ್ಲ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಬರುವ ರೈತರ ಹೆಸರು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಇರುತ್ತದೆ. ರೀಲರುಗಳಲ್ಲಿ ಅನೇಕರ ಮನೆಮಾತು ಉರ್ದು. ಚಿಂತಾಮಣಿಯ ಟೊಮೆಟೊ ಮಂಡಿಗಳಿಗೂ ಚಿಕ್ಕಬಳ್ಳಾಪುರದ ಹೂವು, ದ್ರಾಕ್ಷಿ, ತರಕಾರಿ ವಹಿವಾಟಿಗೂ ಹೊರರಾಜ್ಯಗಳ ಖರೀದಿದಾರರು ಬರುತ್ತಾರೆ. ಗೌರಿಬಿದನೂರಿನ ಕೈಗಾರಿಕೆಗಳಿಗೆ ಗಡಿಯಾಚೆಯ ಹಿಂದೂಪುರ ನೆರೆಯ ಪೇಟೆಯಷ್ಟೇ ಹತ್ತಿರ. ಹೀಗಾಗಿ ನಮ್ಮ ಖಾತೆಗಳಲ್ಲಿ ಇಂಗ್ಲಿಷೇತರ ಅಕ್ಷರಗಳಿರುವುದು ಅನಿವಾರ್ಯ. ಇಂಗ್ಲಿಷಿನಲ್ಲಿಯೇ ಎಲ್ಲವನ್ನೂ ಬರೆದುಕೊಳ್ಳುವ ಸಂಸ್ಥೆಗೆ ಎಂದೂ ಎದುರಾಗದಿರಬಹುದಾದ ತೊಂದರೆಯು ನಮಗೆ ಮೊದಲ ದಿನವೇ ಎದುರಾಗುತ್ತದೆ.

ಇದರೊಡನೆ ಇನ್ನೊಂದು ಹಳೆಯ ಹೊರೆಯೂ ಇದೆ. 1998ರಲ್ಲಿ ಶೇಷಾದ್ರಿ ವಾಸು ಅವರ 'ಬರಹ', ಆ ಬಳಿಕ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದಾಗ ಗಣಕದಲ್ಲಿ ಕನ್ನಡ ಟೈಪಿಸುವುದು ಸಾಮಾನ್ಯ ಜನರಿಗೂ ಸಾಧ್ಯವಾಯಿತು. ಆ ಉಪಕಾರವನ್ನು ಮರೆಯಲಾಗದು. ಆದರೆ ಆ ಕಾಲದ ಅಕ್ಷರಶೈಲಿಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ಕೂರಿಸಲಾಗಿತ್ತು. ಕಣ್ಣಿಗೆ ಕನ್ನಡ ಕಂಡರೂ ಒಳಗೆ ಶೇಖರವಾದದ್ದು ಬೇರೆಯೇ ಸಂಕೇತ. ಅನಂತರ ಯೂನಿಕೋಡ್ ಬಳಕೆಗೆ ಬಂದಿತು. ಪರಿಣಾಮವಾಗಿ, ಹಳೆಯ ಸಂಸ್ಥೆಯೊಂದರ ದತ್ತಾಂಶದಲ್ಲಿ ಒಬ್ಬ ಗ್ರಾಹಕನ ಹೆಸರು ಹಳೆಯ ಸಂಕೇತದಲ್ಲಿಯೂ ಇನ್ನೊಬ್ಬನದು ಯೂನಿಕೋಡಿನಲ್ಲಿಯೂ ಇರುವುದು ಅಸಹಜವೇನಲ್ಲ.

ಆವೃತ್ತಿ ಬದಲಾವಣೆಯ ಹಿನ್ನೆಲೆ

ಸಣ್ಣ ಹಾಗೂ ಮಧ್ಯಮ ಸಂಸ್ಥೆಗಳಿಗಾಗಿ ಬರೆಯಲಾದ ಅನೇಕ ತಂತ್ರಾಂಶಗಳು ಪೈಥಾನ್ ಎಂಬ ಕ್ರಮವಿಧಿ ಭಾಷೆಯಲ್ಲಿವೆ. ಉದ್ಯಮ ನಿರ್ವಹಣೆಗೆ ಬಳಕೆಯಲ್ಲಿರುವ ಒಡೂ ಮತ್ತು ನಮ್ಮ ದೇಶದಲ್ಲಿಯೇ ರೂಪುಗೊಂಡ ಇಆರ್‌ಪಿನೆಕ್ಸ್ಟ್ ಇದಕ್ಕೆ ಉದಾಹರಣೆ. ಪೈಥಾನ್ ಮೊದಲು ಹೊರಬಂದದ್ದು 1991ರ ಫೆಬ್ರವರಿಯಲ್ಲಿ. ಯೂನಿಕೋಡಿನ ಮೊದಲ ಆವೃತ್ತಿ ಪ್ರಕಟವಾದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಜಗತ್ತಿನ ಲಿಪಿಗಳಿಗೆಲ್ಲ ಒಂದು ವ್ಯವಸ್ಥೆ ದೊರೆಯುವ ಮೊದಲೇ ಹುಟ್ಟಿದ ಈ ಭಾಷೆಯಲ್ಲಿ ಪಠ್ಯವೆಂದರೆ ಬೈಟುಗಳ ಸಾಲು ಎಂಬ ಭಾವನೆ ಬೇರೂರಿತ್ತು. 2000ದಲ್ಲಿ ಬಂದ 2.0 ಆವೃತ್ತಿಯಲ್ಲಿ ಯೂನಿಕೋಡ್ ಪಠ್ಯಕ್ಕೆ ಪ್ರತ್ಯೇಕ ಸ್ಥಾನ ದೊರೆಯಿತಾದರೂ ಹಳೆಯ ಬೈಟು ಪಠ್ಯವೂ ಅದರ ಪಕ್ಕದಲ್ಲಿಯೇ ಉಳಿದು, ಎರಡೂ ಬೆರೆಯತೊಡಗಿದವು.

ಈ ಬೆರಕೆಯನ್ನು ನಿವಾರಿಸಲೆಂದೇ 2008ರ ಡಿಸೆಂಬರ್ 3ರಂದು ಪೈಥಾನ್ 3 ಬಂದಿತು. ಅದರಲ್ಲಿ ಪಠ್ಯ ಬೇರೆ, ಬೈಟು ಬೇರೆ. ಎರಡನ್ನೂ ತಾನಾಗಿ ಕೂಡಿಸಲು ಭಾಷೆ ಒಪ್ಪದು. ಹಳೆಯ ಆವೃತ್ತಿಗೆ 2015ರವರೆಗೆ ಇದ್ದ ಗಡುವನ್ನು 2020ರ ಜನವರಿ 1ಕ್ಕೆ ವಿಸ್ತರಿಸಿ, ಆ ದಿನದಂದು ಅದರ ಪೋಷಣೆಯನ್ನು ನಿಲ್ಲಿಸಲಾಯಿತು. ಆದಾಗ್ಯೂ ಅಂಗಡಿಯ ಮೂಲೆಯ ಗಣಕದಲ್ಲಿ ಹಳೆಯದು ಓಡುತ್ತಲೇ ಇರಬಹುದು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಪೋಷಣೆಯೂ ಮುಗಿದಿರುವುದರಿಂದ ಗಣಕಯಂತ್ರ ಬದಲಿಸುವ ನೆಪದಲ್ಲಿ ತಂತ್ರಾಂಶವನ್ನೂ ಸಾಗಿಸುವ ಕೆಲಸ ಈಗ ಮುಂದೆ ಬಂದು ನಿಂತಿದೆ.

ಅಕ್ಷರ ಬೇರೆ, ಬೈಟು ಬೇರೆ

ವ್ಯಾಪಾರಸ್ಥರಿಗೆ ಈ ಭೇದ ಕಷ್ಟದ್ದಲ್ಲ. ಅಕ್ಷರವು ಸರಕು, ಬೈಟು ಅದನ್ನು ತುಂಬಿ ಕಳುಹಿಸುವ ಚೀಲ. ಯುಟಿಎಫ್-8 ಎಂಬ ಕಟ್ಟುವ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕು. 'ಶಿಡ್ಲಘಟ್ಟ' ಎಂಬ ಹೆಸರಿನಲ್ಲಿ ನಾವು ಓದುವುದು 4 ಅಕ್ಷರ. ಗುಣಿತ, ಒತ್ತುಗಳನ್ನು ಬಿಡಿಸಿದರೆ ಯೂನಿಕೋಡಿನ 9 ಸಂಕೇತ. ಚೀಲಕ್ಕೆ ತುಂಬಿದಾಗ 27 ಬೈಟು. ದೋಷಸಂದೇಶವನ್ನು 20 ಬೈಟಿಗೆ ಕತ್ತರಿಸುವ ಹಳೆಯ ಕ್ರಮವಿಧಿಯು ಈ ಹೆಸರಿನ ಏಳನೆಯ ಸಂಕೇತವನ್ನು ನಡುವೆ ಸೀಳಿಬಿಡುತ್ತದೆ.

ಕನ್ನಡದ ಪ್ರತಿಯೊಂದು ಸಂಕೇತದ ಮೊದಲ ಬೈಟಿನ ಬೆಲೆ 224. ಹಳೆಯ ಪೈಥಾನ್ ತಾನಾಗಿ ಪರಿವರ್ತನೆಗೆ ಹೊರಟಾಗ ಅದಕ್ಕೆ ಗೊತ್ತಿದ್ದದ್ದು 0ಯಿಂದ 127ರವರೆಗಿನ ಇಂಗ್ಲಿಷ್ ಸಂಕೇತಗಳು ಮಾತ್ರ. ಆದುದರಿಂದ ಕನ್ನಡದ ಮೊದಲಕ್ಷರದಲ್ಲಿಯೇ ಅದು ಮುಗ್ಗರಿಸುತ್ತಿತ್ತು. ನೆರೆಯ ತೆಲುಗಿಗೂ ಇದೇ ಪಾಡು. ಕನ್ನಡದ 'ಕ' 224, 178, 149 ಎಂದಾದರೆ ತೆಲುಗಿನ 'ಕ' 224, 176, 149. ನಡುವಿನ ಒಂದೇ ಬೈಟಿನ ವ್ಯತ್ಯಾಸ. ಒಂದು ಬೈಟು ಕೆಟ್ಟರೆ ಕನ್ನಡದ ಹೆಸರು ತೆಲುಗಿನದಾಗಬಹುದು, ಇಲ್ಲವೇ ಯಾವ ಭಾಷೆಯದೂ ಆಗದಿರಬಹುದು.

ದೋಷದ ಅಚ್ಚಿನಲ್ಲಿ ಕೆಡುವ ಬಗೆ

ಹಳೆಯ ಆವೃತ್ತಿಯಲ್ಲಿ ದೋಷದ ಸಂದೇಶವನ್ನು ಪಠ್ಯವಾಗಿ ಕೊಡುವ ಒಳವಿಧಾನಕ್ಕೆ 'ಸ್ಟ್ರ್' ಎಂದು ಹೆಸರು. ಅದು ಬೈಟುಗಳನ್ನೇ ಕೊಡಬೇಕಾಗಿತ್ತು. ಕನ್ನಡ ಸಂದೇಶವಿದ್ದರೆ ಮುಗ್ಗರಿಸುವುದೆಂದು ತಿಳಿದ ತಂತ್ರಜ್ಞರು ಸಂದೇಶವನ್ನು ಮೊದಲೇ ಯುಟಿಎಫ್-8 ಚೀಲದಲ್ಲಿ ಕಟ್ಟಿ ಅಚ್ಚಿನೊಳಗೆ ಇಡುತ್ತಿದ್ದರು. ಅಂದಿಗೆ ಅದು ಜಾಣತನವೇ. ಅದೇ ಜಾಣತನ ಹೊಸ ಆವೃತ್ತಿಯಲ್ಲಿ ಮೂರು ಬಗೆಯಲ್ಲಿ ತಿರುಗಿ ಬೀಳುತ್ತದೆ.

ಮೊದಲನೆಯದು, ಕಣ್ಣಿಗೆ ಕಾಣುವ ಕೇಡು. ಕಟ್ಟಿದ ಚೀಲವನ್ನು ಹೊಸ ಆವೃತ್ತಿ ಬಿಚ್ಚುವುದಿಲ್ಲ. ಚೀಲದ ಮೇಲಿನ ಗುರುತನ್ನೇ ಓದಿ ಹೇಳುತ್ತದೆ. 'ಸಾಲದ ಮಿತಿ ಮೀರಿದೆ' ಎಂಬ ಮೂರು ಪದಗಳ ಬದಲಿಗೆ ತೆರೆಯ ಮೇಲೆ ಇಂಗ್ಲಿಷಿನ 'ಬಿ' ಅಕ್ಷರ, ಉದ್ಧರಣ ಚಿಹ್ನೆ, ಓರೆಗೆರೆ, 'ಎಕ್ಸ್', 'ಇ', ಸೊನ್ನೆ ಎಂದು ಆರಂಭವಾಗಿ ಒಟ್ಟು 173 ಚಿಹ್ನೆಗಳ ಸಾಲು ಮೂಡುತ್ತದೆ. ಇದನ್ನು ಕಂಡ ಗುಮಾಸ್ತನು ಗಣಕ ಕೆಟ್ಟಿತೆಂದು ತಿಳಿದು ಮತ್ತೊಮ್ಮೆ ಗುಂಡಿ ಒತ್ತುತ್ತಾನೆ.

ಎರಡನೆಯದು, ಮೂಲದೋಷವನ್ನು ಮರೆಮಾಡುವ ಕೇಡು. ಹೊಸ ಆವೃತ್ತಿಯಲ್ಲಿ 'ಸ್ಟ್ರ್' ಒಳವಿಧಾನವು ಬೈಟುಗಳನ್ನು ಕೊಟ್ಟರೆ ಅದೇ ಒಂದು ಹೊಸ ದೋಷವಾಗುತ್ತದೆ. ದಾಸ್ತಾನು ಸಾಲದೆಂದು ಹೇಳಲು ಹೊರಟ ತಂತ್ರಾಂಶವು, ಹೇಳುವ ವಿಧಾನವೇ ತಪ್ಪೆಂದು ದೂರಿಕೊಂಡು ನಿಲ್ಲುತ್ತದೆ. ಹೊಸ ಪೈಥಾನ್ ಎರಡೂ ದೋಷಗಳನ್ನು ಒಂದರ ಹಿಂದೊಂದು ಪೋಣಿಸಿ ದಾಖಲಿಸಬಲ್ಲದು. ಆದರೆ ಕೊನೆಯ ಸಾಲನ್ನು ಮಾತ್ರ ತೋರಿಸುವಂತೆ ಬರೆದ ತಂತ್ರಾಂಶದಲ್ಲಿ ಮೂಲಕಾರಣ ಗಲ್ಲೆಯವರೆಗೆ ಬರುವುದೇ ಇಲ್ಲ. ಹಳೆಯ ಕಾಲದಲ್ಲಿ ಸಂದೇಶವನ್ನು ನೇರವಾಗಿ ಓದಲು ಬಳಸುತ್ತಿದ್ದ 'ಮೆಸೇಜ್' ಎಂಬ ಅಂಗವನ್ನೂ ಪೈಥಾನ್ 3ರಲ್ಲಿ ತೆಗೆದುಹಾಕಲಾಗಿದೆ. ಅದನ್ನು ನಂಬಿದ ಸಾಲುಗಳೆಲ್ಲ ದೋಷ ಬಂದ ದಿನವೇ ಮುರಿಯುತ್ತವೆ, ಅದಕ್ಕೆ ಮೊದಲಲ್ಲ.

ಮೂರನೆಯದು ಎಲ್ಲಕ್ಕಿಂತ ಅಪಾಯಕರ, ಏಕೆಂದರೆ ಅದು ಸದ್ದಿಲ್ಲದ್ದು. ಹೊಸ ಆವೃತ್ತಿಯಲ್ಲಿ ಒಂದು ಪಠ್ಯವನ್ನು ಅದೇ ಅಕ್ಷರಗಳ ಬೈಟು ಸಾಲಿನೊಡನೆ ಹೋಲಿಸಿದರೆ ಎರಡೂ ಬೇರೆ ಬೇರೆ ಎಂಬ ಉತ್ತರ ಬರುತ್ತದೆ. ಎಚ್ಚರಿಕೆಯ ಮಾತೂ ಸಾಮಾನ್ಯವಾಗಿ ಬರುವುದಿಲ್ಲ. ದೋಷದ ಸಂದೇಶವನ್ನೋ ಸಂಖ್ಯೆಯನ್ನೋ ನೋಡಿ ಮುಂದಿನ ಕ್ರಮ ನಿರ್ಧರಿಸುವ ತಂತ್ರಾಂಶ ಇಲ್ಲಿ ದಾರಿ ತಪ್ಪುತ್ತದೆ.

ನಷ್ಟದ ಲೆಕ್ಕ

ಈ ಮೂರನೆಯ ಕೇಡಿನ ಬೆಲೆಯನ್ನು ಇ-ಇನ್‌ವಾಯ್ಸ್ ವ್ಯವಸ್ಥೆಯಲ್ಲಿ ನೋಡೋಣ. 2023ರ ಆಗಸ್ಟ್ 1ರಿಂದ ವಾರ್ಷಿಕ 5 ಕೋಟಿ ರೂಪಾಯಿಗೆ ಮೀರಿದ ವಹಿವಾಟುಳ್ಳ ಸಂಸ್ಥೆಗಳು ಇತರ ನೋಂದಾಯಿತ ವರ್ತಕರಿಗೆ ಮಾಡುವ ಮಾರಾಟದ ಬಿಲ್ಲನ್ನು ಸಾಮಾನ್ಯವಾಗಿ ಸರಕಾರದ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಮಾರಾಟಗಾರನ ಜಿಎಸ್‌ಟಿ ಸಂಖ್ಯೆ, ಆರ್ಥಿಕ ವರ್ಷ, ದಾಖಲೆಯ ಬಗೆ ಮತ್ತು ದಾಖಲೆಯ ಸಂಖ್ಯೆ ಇವುಗಳಿಂದ ಪ್ರತಿ ಬಿಲ್ಲಿಗೂ ಒಂದು ಗುರುತು ಸಂಖ್ಯೆ ಹುಟ್ಟುತ್ತದೆ. ಅದೇ ಬಿಲ್ಲನ್ನು ಎರಡನೆಯ ಬಾರಿ ಕಳುಹಿಸಿದರೆ ಪೋರ್ಟಲು 2150 ಎಂಬ ದೋಷಸಂಖ್ಯೆಯೊಡನೆ, ಇದು ಈಗಾಗಲೇ ನೋಂದಣಿಯಾಗಿದೆ ಎಂದು ತಿಳಿಸುತ್ತದೆ.

ಸಂಜೆಯ ಹೊತ್ತು, ಲಾರಿ ಹೊರಡಲು ಸಿದ್ಧವಾಗಿದೆ, ಜಾಲಸಂಪರ್ಕ ಒಮ್ಮೆ ಕಡಿದು ಮತ್ತೆ ಬಂದಿದೆ ಎಂದು ಭಾವಿಸಿ. ಮೊದಲ ಬಾರಿಯೇ ಬಿಲ್ಲು ನೋಂದಣಿಯಾಗಿದೆ, ಆದರೆ ಉತ್ತರ ತಲುಪಿಲ್ಲ. ತಂತ್ರಾಂಶ ಮತ್ತೆ ಕಳುಹಿಸುತ್ತದೆ. ಪೋರ್ಟಲು 2150 ಎನ್ನುತ್ತದೆ. ಸರಿಯಾದ ತಂತ್ರಾಂಶವಾದರೆ ಹಿಂದಿನ ನೋಂದಣಿಯ ವಿವರವನ್ನು ತರಿಸಿಕೊಂಡು ಬಿಲ್ಲನ್ನು ಮುದ್ರಿಸುತ್ತದೆ. ಆದರೆ ಆ 2150 ಬೈಟಾಗಿಯೇ ದೋಷದ ಅಚ್ಚಿನೊಳಗೆ ಕುಳಿತಿದ್ದರೆ, ಪಠ್ಯವಾದ '2150'ರೊಡನೆ ಹೋಲಿಸಿದಾಗ ತಾಳೆಯಾಗದೆ 'ಗೊತ್ತಿಲ್ಲದ ದೋಷ' ಎಂಬ ಉತ್ತರ ಬರುತ್ತದೆ. ಗುಮಾಸ್ತನು ಅವಸರದಲ್ಲಿ ಹೊಸ ಸಂಖ್ಯೆ ಕೊಟ್ಟು ಇನ್ನೊಂದು ಬಿಲ್ಲು ಮಾಡುತ್ತಾನೆ. ಒಂದೇ ಸರಕಿಗೆ ಎರಡು ನೋಂದಣಿ, ಎರಡು ತೆರಿಗೆ ಹೊಣೆ. ಪೋರ್ಟಲಿನಲ್ಲಿ ರದ್ದುಪಡಿಸಲು ಇರುವ ಅವಕಾಶ 24 ಗಂಟೆ. ಅಷ್ಟರೊಳಗೆ ಗಮನಿಸದಿದ್ದರೆ ಕ್ರೆಡಿಟ್ ನೋಟು, ಲೆಕ್ಕಪರಿಶೋಧಕರ ಭೇಟಿ, ಖರೀದಿದಾರನಿಗೆ ವಿವರಣೆ.

ಇದರ ವಿರುದ್ಧ ದಿಕ್ಕಿನ ನಷ್ಟವೂ ಇದೆ. 2025ರ ಏಪ್ರಿಲ್ 1ರಿಂದ 10 ಕೋಟಿ ರೂಪಾಯಿ ಮತ್ತು ಅದಕ್ಕೂ ಹೆಚ್ಚಿನ ವಹಿವಾಟುಳ್ಳ ಸಂಸ್ಥೆಗಳು ಬಿಲ್ಲಿನ ದಿನಾಂಕದಿಂದ 30 ದಿನಗಳೊಳಗೆ ನೋಂದಾಯಿಸದಿದ್ದರೆ ಪೋರ್ಟಲು ಅದನ್ನು ಸ್ವೀಕರಿಸದು. ನೋಂದಣಿ ವಿಫಲವಾದ ಸಂದೇಶ ಓದಲಾಗದ ಚಿಹ್ನೆಗಳಾಗಿ ದಾಖಲೆಯ ಕಡತದಲ್ಲಿ ಬಿದ್ದಿದ್ದರೆ ಆ ಗಡುವು ಸದ್ದಿಲ್ಲದೆ ಕಳೆದುಹೋಗುತ್ತದೆ. ಖರೀದಿದಾರನಿಗೆ ಹೂಡುವಳಿ ತೆರಿಗೆಯ ಜಮೆ ಸಿಗದೆ, ಬಾಕಿ ಹಣವನ್ನು ಆತ ತಡೆಹಿಡಿದರೆ ಆಶ್ಚರ್ಯವೇನು? ಈ ಕಾರಣದಿಂದಲೇ ದೋಷಸಂದೇಶವನ್ನು ಬಿಲ್ಲು, ರಸೀದಿಗಳಷ್ಟೇ ಮಹತ್ವದ ವ್ಯವಹಾರಪತ್ರವೆಂದು ಪರಿಗಣಿಸಬೇಕೆಂದು ನಾನು ವಾದಿಸುತ್ತೇನೆ.

ಆಕ್ಷೇಪಗಳು ಮತ್ತು ಉತ್ತರ

'ದೋಷಸಂದೇಶಗಳನ್ನೆಲ್ಲ ಇಂಗ್ಲಿಷಿನಲ್ಲಿ ಇಟ್ಟರೆ ತೊಂದರೆಯೇ ಇಲ್ಲ' ಎಂಬುದು ಸಾಮಾನ್ಯವಾಗಿ ಕೇಳಿಬರುವ ಸಲಹೆ. ಇದು ಅರ್ಧ ಸತ್ಯ. ಸಂದೇಶ ಇಂಗ್ಲಿಷಿನಲ್ಲಿದ್ದರೂ ಅದರೊಳಗೆ ಸೇರುವ ರೈತನ ಹೆಸರು, ಊರಿನ ಹೆಸರು, ಸರಕಿನ ಹೆಸರು ಕನ್ನಡದಲ್ಲಿಯೇ ಇರುತ್ತವೆ. 'ಇಂಥವರ ಖಾತೆಯಲ್ಲಿ ಮಿತಿ ಮೀರಿದೆ' ಎನ್ನುವಾಗ ಆ 'ಇಂಥವರ' ಎಂಬಲ್ಲಿಯೇ ಎಡವುತ್ತದೆ. ಮೇಲಾಗಿ ಗಲ್ಲೆಯಲ್ಲಿ ಕುಳಿತವರಿಗೆ ತಿಳಿಯದ ಭಾಷೆಯಲ್ಲಿ ಎಚ್ಚರಿಕೆ ಕೊಡುವುದು ಎಚ್ಚರಿಕೆಯೇ ಅಲ್ಲ.

'ಹಳೆಯದೇ ನಡೆಯುತ್ತಿದೆಯಲ್ಲ, ಬದಲಿಸುವುದೇಕೆ' ಎಂಬುದು ಎರಡನೆಯ ಆಕ್ಷೇಪ. 2020ರ ನಂತರ ಹಳೆಯ ಆವೃತ್ತಿಗೆ ಭದ್ರತೆಯ ತಿದ್ದುಪಡಿಗಳನ್ನು ಅದರ ಮೂಲ ನಿರ್ಮಾಪಕರು ಒದಗಿಸುತ್ತಿಲ್ಲ. ಒಡೂ 2017ರಲ್ಲಿ ಬಂದ ತನ್ನ 11ನೆಯ ಆವೃತ್ತಿಯಿಂದಲೇ ಪೈಥಾನ್ 3ಕ್ಕೆ ಹೊರಳಿತು. ಸುತ್ತಲಿನ ಪೇಟೆಯೆಲ್ಲ ಹೊಸ ತೂಕಕ್ಕೆ ಬದಲಾದ ಮೇಲೆ ಹಳೆಯ ಸೇರು ಹಿಡಿದು ಕೂರುವುದು ಎಷ್ಟು ದಿನ?

'ಪರಿವರ್ತನೆಗೆ ಯಾಂತ್ರಿಕ ಸಾಧನಗಳಿವೆ, ಒಂದು ರಾತ್ರಿಯ ಕೆಲಸ' ಎಂದು ಹೇಳುವ ಗುತ್ತಿಗೆದಾರರೂ ಇದ್ದಾರೆ. ಪೈಥಾನಿನೊಡನೆಯೇ ಬರುತ್ತಿದ್ದ ಅಂತಹ ಸಾಧನವೊಂದು ಬರವಣಿಗೆಯ ರೂಪವನ್ನು ಬದಲಿಸಿ ಕೊಡುತ್ತಿತ್ತು. 2024ರ ಅಕ್ಟೋಬರಿನ 3.13 ಆವೃತ್ತಿಯಲ್ಲಿ ಅದನ್ನೂ ಕೈಬಿಡಲಾಗಿದೆ. ಇಂತಹ ಸಾಧನಕ್ಕೆ ವ್ಯಾಕರಣ ಗೊತ್ತು, ವ್ಯವಹಾರ ಗೊತ್ತಿಲ್ಲ. ಒಂದು ಚೀಲದಲ್ಲಿರುವುದು ಗ್ರಾಹಕನ ಹೆಸರೋ, ಮುದ್ರಕಯಂತ್ರಕ್ಕೆ ಕಳುಹಿಸುವ ಆಜ್ಞೆಯೋ ಎಂಬುದನ್ನು ಮನುಷ್ಯರೇ ನೋಡಿ ನಿರ್ಧರಿಸಬೇಕು. ಮೊದಲನೆಯದು ಪಠ್ಯವಾಗಬೇಕು, ಎರಡನೆಯದು ಬೈಟಾಗಿಯೇ ಉಳಿಯಬೇಕು.

ಮಾಡಬೇಕಾದುದೇನು

ಪರಿಹಾರದ ಸೂತ್ರ ಒಂದೇ. ಗೂಡಿನ ಮಾರುಕಟ್ಟೆಯಲ್ಲಿ ರೈತನು ತಂದ ಚೀಲವನ್ನು ಬಿಚ್ಚಿ, ಗೂಡನ್ನು ಸುರಿದು ಹರಡಿದ ಮೇಲೆಯೇ ರೀಲರು ಬೆಲೆ ಕೂಗುತ್ತಾನೆ. ಕಟ್ಟಿದ ಚೀಲಕ್ಕೆ ಯಾರೂ ಕೂಗುವುದಿಲ್ಲ. ತಂತ್ರಾಂಶದಲ್ಲಿಯೂ ಹೊರಗಿನಿಂದ ಬಂದ ಬೈಟುಗಳನ್ನು ಬಾಗಿಲಿನಲ್ಲಿಯೇ ಬಿಚ್ಚಿ ಅಕ್ಷರವಾಗಿಸಬೇಕು. ಒಳಗೆಲ್ಲ ಅಕ್ಷರವೇ ಓಡಾಡಬೇಕು. ಕಡತಕ್ಕೋ, ಮುದ್ರಕಕ್ಕೋ, ಪೋರ್ಟಲಿಗೋ ಕಳುಹಿಸುವ ಕ್ಷಣದಲ್ಲಿ ಮಾತ್ರ ಮತ್ತೆ ಚೀಲ ಕಟ್ಟಬೇಕು. ದೋಷದ ಅಚ್ಚುಗಳೊಳಗೆ ಕಟ್ಟಿದ ಚೀಲ ಎಂದಿಗೂ ಸೇರಕೂಡದು.

ಇದನ್ನು ಸಾಧಿಸಲು ಮಾಲೀಕರು ತಂತ್ರಜ್ಞರಾಗಬೇಕಿಲ್ಲ. ಕರಾರುಪತ್ರದಲ್ಲಿ ಕೆಲವು ಷರತ್ತುಗಳನ್ನು ಬರೆಸಿದರೆ ಸಾಕು.

ಒಂದು, ತಂತ್ರಾಂಶದಲ್ಲಿರುವ ಎಲ್ಲ ದೋಷದ ಅಚ್ಚುಗಳ ಪಟ್ಟಿಯನ್ನು ಗುತ್ತಿಗೆದಾರರು ಲಿಖಿತವಾಗಿ ಕೊಡಬೇಕು. ಪ್ರತಿಯೊಂದರ ಸಂದೇಶವೂ ಪಠ್ಯವೇ ಎಂದು ದೃಢೀಕರಿಸಬೇಕು.

ಎರಡು, ಪ್ರತಿಯೊಂದು ದೋಷವನ್ನೂ ಬೇಕೆಂದೇ ಉಂಟುಮಾಡಿ ತೋರಿಸಬೇಕು. ಕನ್ನಡ, ತೆಲುಗು ಮತ್ತು ಉರ್ದು ಲಿಪಿಗಳ ಒಂದೊಂದು ಗ್ರಾಹಕ ಖಾತೆಯನ್ನು ಪರೀಕ್ಷೆಗಾಗಿ ತೆರೆದು, ಸಾಲದ ಮಿತಿ ಮೀರಿಸಿ, ದಾಸ್ತಾನಿಗಿಂತ ಹೆಚ್ಚು ಮಾರಿ, ಒಂದೇ ಬಿಲ್ಲನ್ನು ಎರಡು ಬಾರಿ ಕಳುಹಿಸಿ ನೋಡಬೇಕು. ತೆರೆಯಲ್ಲಿ, ಮುದ್ರಣದಲ್ಲಿ, ದಾಖಲೆಯ ಕಡತದಲ್ಲಿ ಮೂರು ಕಡೆಯೂ ಓದಲು ಬರಬೇಕು.

ಮೂರು, ಪೈಥಾನನ್ನು ಚಾಲೂ ಮಾಡುವಾಗ 'ಬಿ' ಎಂಬ ಇಂಗ್ಲಿಷ್ ಅಕ್ಷರದ ಸೂಚನೆಯನ್ನು ಎರಡು ಬಾರಿ ಕೊಟ್ಟರೆ, ಪಠ್ಯ ಮತ್ತು ಬೈಟುಗಳ ಸದ್ದಿಲ್ಲದ ಹೋಲಿಕೆಯೂ ದೋಷವಾಗಿ ಎದ್ದು ಕಾಣುತ್ತದೆ. ಈ ಸೂಚನೆಯಡಿ ಪರೀಕ್ಷೆ ನಡೆಸಿದ ವರದಿಯನ್ನು ಕೇಳಿ ಪಡೆಯಬೇಕು. ಇದಕ್ಕೆ ಪ್ರತ್ಯೇಕ ಖರ್ಚಿಲ್ಲ.

ನಾಲ್ಕು, ಮುಂದಿನ ಕ್ರಮವನ್ನು ಸಂದೇಶದ ಮಾತುಗಳಿಂದಲ್ಲದೆ ದೋಷದ ಬಗೆ ಅಥವಾ ಸಂಖ್ಯೆಯಿಂದ ನಿರ್ಧರಿಸುವಂತಿರಬೇಕು. ಮಾತು ಮನುಷ್ಯನಿಗೆ, ಸಂಖ್ಯೆ ಯಂತ್ರಕ್ಕೆ.

ಐದು, ಹಳೆಯ ಅಕ್ಷರಶೈಲಿಗಳ ಸಂಕೇತದಲ್ಲಿರುವ ಹೆಸರುಗಳನ್ನು ಆವೃತ್ತಿ ಬದಲಿಸುವ ಮೊದಲೇ ಯೂನಿಕೋಡಿಗೆ ತಂದಿರಬೇಕು. ಎರಡೂ ಕೆಲಸಗಳನ್ನು ಒಟ್ಟಿಗೆ ಮಾಡಿದರೆ ಕೇಡು ಯಾವುದರಿಂದ ಬಂದಿತೆಂದು ಪತ್ತೆಹಚ್ಚುವುದು ದುಸ್ತರ.

ಈ ಐದೂ ನೆರವೇರುವವರೆಗೆ ಕೊನೆಯ ಕಂತನ್ನು ತಡೆಹಿಡಿಯುವುದು ಅನ್ಯಾಯವಲ್ಲ. ಹಾಗೆಯೇ, ಈ ಕೆಲಸಕ್ಕೆ ತಗಲುವ ಕೆಲವು ಹೆಚ್ಚಿನ ದಿನಗಳ ಕೂಲಿಯನ್ನು ಕೊಡಲು ಹಿಂಜರಿಯುವುದು ನ್ಯಾಯವೂ ಅಲ್ಲ. ಅತ್ಯಂತ ಕಡಿಮೆ ದರ ಕೇಳಿದವರಿಗೆ ಗುತ್ತಿಗೆ ಕೊಟ್ಟು, ಕಾಣದ ಭಾಗವೂ ಅಚ್ಚುಕಟ್ಟಾಗಿರಲಿ ಎಂದು ಬಯಸುವುದು ನಡೆಯದ ಮಾತು.

ಇಂತಹ ಪರೀಕ್ಷೆಯ ಪಟ್ಟಿಯನ್ನು ಪ್ರತಿಯೊಬ್ಬ ವರ್ತಕನೂ ಬೇರೆ ಬೇರೆಯಾಗಿ ಸಿದ್ಧಪಡಿಸುವುದು ದಂಡದ ಶ್ರಮ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ವ್ಯಾಪಾರ ಹಾಗೂ ಕೈಗಾರಿಕಾ ಬಾಂಧವರು ಒಟ್ಟಾಗಿ, ನಮ್ಮ ಮೂರು ಲಿಪಿಗಳ ಹೆಸರುಗಳೂ ನಮ್ಮ ವಹಿವಾಟಿನ ಸಾಮಾನ್ಯ ದೋಷಗಳೂ ಇರುವ ಒಂದು ಪಟ್ಟಿಯನ್ನು ರೂಪಿಸಿ, ಯಾವ ಗುತ್ತಿಗೆದಾರರು ಬಂದರೂ ಅದನ್ನೇ ಮುಂದಿಡುವಂತಾಗಬೇಕು. ತಕ್ಕಡಿಯನ್ನು ಕಾಲಕಾಲಕ್ಕೆ ತಪಾಸಣೆಗೆ ಒಡ್ಡಿ ಮುದ್ರೆ ಹಾಕಿಸುವ ಶಿಸ್ತು ನಮ್ಮ ವ್ಯಾಪಾರದಲ್ಲಿ ಹಿಂದಿನಿಂದಲೂ ಇದೆ. ತಪ್ಪಾದಾಗ ತಪ್ಪೆಂದು ಓದಲು ಬರುವಂತೆ ಹೇಳುವ ತಂತ್ರಾಂಶಕ್ಕೂ ಅದೇ ಶಿಸ್ತು ಅನ್ವಯವಾಗಲಿ. ಈ ವಿಷಯವನ್ನು ವಾಣಿಜ್ಯ ಮಂಡಳಿಯು ಮುಂದಿನ ಸಭೆಯಲ್ಲಿಯೇ ಚರ್ಚೆಗೆ ಎತ್ತಿಕೊಳ್ಳಬೇಕೆಂದು ಕೋರುತ್ತೇನೆ.